ತುಟಿಯ ನಡುವಿನ ಜೆಟ್

ಹಿತ್ತಾಳೆಗೊಂದು ರುಚಿಯಿದೆ, ಹಳೇ ನಲ್ಲಿಗೆ ಬಾಯಿಟ್ಟು ನೀರು ಕುಡಿದರೆ ನಾಲಿಗೆಯ ತುದಿಗೆ ಹತ್ತುತ್ತದಲ್ಲ ಅಂಥದ್ದು, ಸ್ವಲ್ಪ ರಕ್ತದ ಹಾಗೆ — ತೈಸ್ತೊ ಬಿಚ್ಚಿದ ಜೆಟ್ಟನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಕಾರ್ಬುರೇಟರಿನ ತಳದ ಬಟ್ಟಲನ್ನು ಕೂರಿಸಿದ, ನಾಲ್ಕು ತಿರುಪು, ಎರಡು ಕೈಗೂ ಕೆಲಸ, ಸಣ್ಣ ಸಾಮಾನಿಗೆ ಬಾಯೇ ಜೇಬು, ನಲವತ್ತು ವರ್ಷದಿಂದ ಹಾಗೇ. ಶೆಡ್ಡಿನ ಒಲೆ ಹಚ್ಚಿಲ್ಲ, ಬೇಕೆಂದೇ ಹಚ್ಚಿಲ್ಲ, ಚಳಿಯಲ್ಲಿ ಓಡುವ ಎಂಜಿನ್ನನ್ನು ಚಳಿಯಲ್ಲೇ ಹದ ಮಾಡಬೇಕು, ಬೆಚ್ಚಗಿನ ಶೆಡ್ಡಿನಲ್ಲಿ ಎಂಥ ಟೂ-ಸ್ಟ್ರೋಕೂ ಸುಳ್ಳು ಹೇಳುತ್ತದೆ. ಚಿಕ್ಕ ಜೆಟ್ ಹೊರಗೆ, ದೊಡ್ಡದು ಒಳಗೆ. ಕಡಲೆಕಾಳಿನಷ್ಟು ತಿರುಪು, ನಡುವೆ ಸೂಜಿ ತೂರುವಷ್ಟು ತೂತು, ಆ ತೂತಿನಲ್ಲಿ ಬಂದಷ್ಟೇ ಪೆಟ್ರೋಲು, ಪೆಟ್ರೋಲಿನಲ್ಲಿ ಬೆರೆತು ಬಂದಷ್ಟೇ ಎಣ್ಣೆ. ಚಳಿಗಾಲದ ಗಾಳಿ ದಪ್ಪ, ಹೆಚ್ಚು ಪೆಟ್ರೋಲು ಕೇಳುತ್ತದೆ, ಅಕ್ಟೋಬರಿನ ತೂತು ಫೆಬ್ರವರಿಗೆ ಸಾಲದು — ಇದು ಈ ಸರೋವರದ ದಂಡೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ. ಒಳಗೆ ಹಾಕಿದ್ದರ ನಂಬರನ್ನು ಟಾರ್ಚು ಹಿಡಿದು ಮೂರು ಸಲ ಓದಿದ್ದಾನೆ. ಹೋದ ವರ್ಷ ಒಂದು ಸಲವೂ ಓದಿರಲಿಲ್ಲ. ಹೋದ ವರ್ಷವೂ ಇದೇ ಸ್ಟೂಲು, ಇದೇ ನಾಲ್ಕು ಚಕ್ರದ ಕ್ವಾಡ್ ಬೈಕು, ಎದುರಿಗೆ ಬಕೆಟ್ ಬೋರಲು ಹಾಕಿಕೊಂಡು ತಮ್ಮ ಒನ್ನಿ, ಕೈಯಲ್ಲಿ ಕಾಫಿ, ಮೀಸೆಯಲ್ಲಿ ಏಲಕ್ಕಿ ಬ್ರೆಡ್ಡಿನ ಪುಡಿ — ದಿನಾ ಬಾಯಿಗೆ ಒಂದು ಜೆಟ್ ಇಟ್ಕೊಂಡಿರು ಕಣೋ ತೈಸ್ತೊ, ಅರ್ಧ ಊರಿಗೆ ನೆಮ್ಮದಿ ಆಗುತ್ತೆ. ಆವತ್ತು ತೈಸ್ತೊಗೂ ನಗು ಬಂತು. ತಿರುಗಿಸಿ ಏನಾದರೂ ಅನ್ನದೆ ಬಿಡುವವನೇ ಅಲ್ಲ ತೈಸ್ತೊ, ಜೆಟ್ಟನ್ನು ಬಾಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ, ನಿನ್ನ ಹೊಟ್ಟೆ ಎಳೆಯೋಕೆ ಜೆಟ್ ಸಾಲಲ್ಲ ಕಣೋ, ಎರಡು ಕುದುರೆ ಕಟ್ಟಬೇಕು ಅಂದ, ಒನ್ನಿ ಕಾಫಿ ಚೆಲ್ಲಿಕೊಂಡು ನಕ್ಕ, ನಗುತ್ತ ನಗುತ್ತ ಕೈಯಲ್ಲಿದ್ದ ಜೆಟ್ಟನ್ನೇ ಒಳಗೆ ತಿರುಗಿಸಿ ಬಟ್ಟಲು ಕೂರಿಸಿಬಿಟ್ಟದ್ದು, ನಾಲ್ಕು ತಿರುಪು. ಜೇಬಿನಲ್ಲಿ ಉಳಿದದ್ದು ದೊಡ್ಡದು.

ರೇಡಿಯೇಟರಿನ ಅರ್ಧಕ್ಕೆ ರಟ್ಟು ಕಟ್ಟು, ಚೋಕ್ ಎಳಿ, ಕಿಕ್ಕರ್ ಕಲ್ಲಿನಂತೆ ಬಿಗಿದಿದೆ, ಒಂದು, ಎರಡು, ಮೊಣಕಾಲು ಅರವತ್ತೊಂದು ವರ್ಷದ್ದು, ಮೂರನೆಯದಕ್ಕೆ ಹತ್ತಿಕೊಂಡಿತು, ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ — ಒನ್ನಿಯ ಕೋಟಿನ ವಾಸನೆ. ಅವಸರ ಕೂಡದು, ಪಿಸ್ಟನ್ ಬೇಗ ಕಾಯುತ್ತದೆ ಸಿಲಿಂಡರ್ ನಿಧಾನ, ಅಂಗೈ ಇಟ್ಟರೆ ಬಿಸಿ ತಾಗುವ ತನಕ ನಿಲ್ಲಬೇಕು, ತೈಸ್ತೊ ಅಂಗೈ ಇಟ್ಟುಕೊಂಡು ನಿಂತ, ಕಾಯಿಲೆಯ ದನದ ಹೊಟ್ಟೆ ಮುಟ್ಟಿ ನೋಡುವವನ ಹಾಗೆ. ಅವಳಿಗೆ ನಿಜ ಹೇಳಲೇಬೇಕೆ. ಶನಿವಾರ ಹೆಲ್ಮಿ ಫೋನ್ ಮಾಡಿದ್ದಳು, ಒನ್ನಿಯ ಹೆಂಡತಿ ಫೋನ್ ಮಾಡುವವಳಲ್ಲ — ತೈಸ್ತೊ, ಒನ್ನಿ ಹೋದ ದಿನ ಬೆಳಗ್ಗೆ ಎಣ್ಣೆ ಬೆರೆಸಿದ್ದು ನಾನು. ಅವ್ನು ಬೂಟು ಹಾಕ್ಕೊಳ್ತಿದ್ದ, ನೀನೇ ಬೆರೆಸೇ ಅಂದ, ಅಡುಗೆಮನೆ ಅಳತೆ ಲೋಟದಲ್ಲೇ ಹಾಕ್ದೆ. ಕಡಿಮೆ ಹಾಕ್ಬಿಟ್ಟೆ ಅನ್ಸುತ್ತೆ. ಒಂದು ವರ್ಷ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ, ಪಾದ್ರಿ ಹತ್ರಾನೂ. ಆ ಗಾಡಿ ತಗೊಂಡ್ಬಾ, ಎಲ್ಲೀ ತನಕ ಹಾಕ್ಬೇಕಿತ್ತು ಅಂತ ನಂಗೆ ತೋರ್ಸು. ಫೋನಿನ ತಂತಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದ ತೈಸ್ತೊ ಬರ್ತೀನಿ ಅಂದ, ಅಷ್ಟೇ ಅಂದ.

ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದ ಕ್ಷಣ ಗಾಳಿ ಮುಖಕ್ಕೆ ಬಡಿಯಿತು, ಉಣ್ಣೆಯ ಮುಸುಕನ್ನು ಮೂಗಿನ ತನಕ ಎಳೆದುಕೊಂಡ, ಸೊನ್ನೆಗಿಂತ ಹದಿನೆಂಟು ಕೆಳಗೆ, ಟಯರಿನ ಮೊಳೆಗಳು ಮಂಜುಗಡ್ಡೆಯನ್ನು ಕರಕರ ಕಡಿಯುತ್ತಿವೆ, ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆಯೇ, ಎಂಜಿನ್ ಬಿಗಿದುಕೊಂಡರೆ ಎಳೆಯಲು. ದಾರಿಯುದ್ದಕ್ಕೂ ಕ್ರಿಸ್‌ಮಸ್ ಮರಗಳು, ಜನವರಿಯಲ್ಲಿ ಮನೆಮನೆಯಿಂದ ಎಸೆದವನ್ನೆಲ್ಲ ತಂದು ಮಂಜುಗಡ್ಡೆಯಲ್ಲಿ ತೂತು ಕೊರೆದು ದಾರಿಯ ಗುರುತಿಗೆ ನೆಟ್ಟದ್ದು, ಆಚೆ ದಂಡೆಯ ಒನ್ನಿಯ ಮನೆ ತನಕ ಆರು ಮೈಲಿ, ಒಂದೊಂದರಲ್ಲಿ ಇನ್ನೂ ಬೆಳ್ಳಿಯ ಎಳೆ ಹಾರಾಡುತ್ತದೆ. ಮರ ಬಿಟ್ಟು ಹೋಗಬೇಡ ಎಂದು ಮಕ್ಕಳಿಗೆ ಹೇಳುತ್ತಾರೆ. ಹೋದ ವರ್ಷ ಒನ್ನಿ ಮನೆಗೆ ಹೊರಟಾಗ ತೈಸ್ತೊ ದಂಡೆಯಲ್ಲೇ ನಿಂತಿದ್ದ, ಮೊದಲ ಅರ್ಧ ಮೈಲಿ ಒನ್ನಿ ಹೋಗಿ ತಿರುಗಿ ಬಂದು ಹೆಬ್ಬೆರಳು ಎತ್ತಿ ಕೂಗಿದ, ಏನೋ ಮಾಡಿದ್ದೀಯ ಇದಕ್ಕೆ, ಹಾಡ್ತಾ ಇದೆ ಕಣೋ, ಯಾವತ್ತೂ ಹೀಗೆ ಎಳೆದಿರಲಿಲ್ಲ. ಹೌದು, ಹಾಡುತ್ತಿತ್ತು. ಪೆಟ್ರೋಲು ಸಾಲದ ಟೂ-ಸ್ಟ್ರೋಕು ಸಾಯುವ ಮೊದಲು ಹಾಗೆಯೇ ಹಾಡುತ್ತದೆ, ಸಣ್ಣ ದನಿ, ಚೂಪು, ಹಗುರ, ಎಷ್ಟು ಸಲ ಹುಡುಗರಿಗೆ ಹೇಳಿಲ್ಲ ತೈಸ್ತೊ, ಚೆನ್ನಾಗಿ ಓಡ್ತಾ ಇದ್ರೆ ಹೆದರ್ಕೊಳ್ರೋ ಅಂತ — ಆ ದಿನ ಅದೇ ದನಿ ಕೇಳಿದ, ಎರಡು ಕಿವಿಯಲ್ಲಿ ಕೇಳಿದ, ಕೇಳಿ ಹಿಗ್ಗಿದ. ನನ್ನ ಕೈ, ಅಂದುಕೊಂಡ. ಇವತ್ತಿನ ದನಿ ಬೇರೆ, ದಪ್ಪ, ಸ್ವಲ್ಪ ತೊದಲುತ್ತದೆ, ಇದೇ ಸರಿ, ಇದೇ ಮನೆ ಮುಟ್ಟಿಸುವ ದನಿ. ನಾಲ್ಕನೆಯ ಮೈಲಿ. ಇಲ್ಲೇ. ಹಿಂದಿನ ಚಕ್ರ ಬಿಗಿದು ಉದ್ದಕ್ಕೆ ಜಾರಿದ ಗೀರು ಮಾರನೆಯ ದಿನವೂ ಇತ್ತು, ಗಾಡಿ ಮರಗಳ ಸಾಲಿನಲ್ಲೇ ಇತ್ತು, ಒನ್ನಿ ಇರಲಿಲ್ಲ, ಸುಪೀರಿಯರ್ ಮಹಾಸರೋವರದ ಕಡೆಯಿಂದ ಎದ್ದ ಗಾಳಿಗೆ ಮುಂದಿನ ಮರ ಕಾಣದೆ ನಡೆದದ್ದು, ಎರಡು ಮೈಲಿ, ತಪ್ಪು ದಿಕ್ಕಿಗೆ. ಸಿಕ್ಕಾಗ ಮೀಸೆಯಲ್ಲಿ — ಬೇಡ. ಬಾಯಲ್ಲಿ ಹಿತ್ತಾಳೆಯ ರುಚಿ ಇನ್ನೂ ಹೋಗಿಲ್ಲ, ನೆನೆದರೆ ಸಾಕು ಬರುತ್ತದೆ.

ಆಮೇಲೆ ಎಂಜಿನ್ ಬಿಚ್ಚಿದವನು ತಾನೇ, ಶೆಡ್ಡಿನ ಬಾಗಿಲು ಹಾಕಿಕೊಂಡು, ಪಿಸ್ಟನ್ನಿನ ಮೈಮೇಲೆ ಉಗುರಲ್ಲಿ ಪರಚಿದಂಥ ಗೀರುಗಳು, ಪ್ಲಗ್ಗಿನ ತುದಿ ಮೂಳೆಯ ಹಾಗೆ ಬೆಳ್ಳಗೆ, ಬಟ್ಟಲು ಬಿಚ್ಚಿದರೆ ಒಳಗೆ ಚಿಕ್ಕದು, ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಅಂದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಲೀಕ ರೂಡಿ ಕೇಳಿದ, ಏನಾಗಿತ್ತಂತೆ ತೈಸ್ತೊ, ನಾಲ್ಕು ಜನ ತಿರುಗಿ ನೋಡಿದರು, ತೈಸ್ತೊ ಮುಟ್ಟಿದ ಗಾಡಿ ದಾರಿಯಲ್ಲಿ ನಿಲ್ಲೋದಿಲ್ಲ ಎನ್ನುವ ನಾಲ್ಕು ಜನ — ಎಣ್ಣೆ ಕಡಿಮೆ ಬಿದ್ದಿರ್ಬೇಕು ಅಂದ ತೈಸ್ತೊ. ಸತ್ತವನ ಮೇಲೆ ಹಾಕಿದೆ ಅಂದುಕೊಂಡಿದ್ದ, ಸತ್ತವನಿಗೆ ಭಾರವಿಲ್ಲ. ಆ ಬೆಳಗ್ಗೆ ಲೋಟ ಹಿಡಿದಿದ್ದವಳು ಹೆಲ್ಮಿ ಎಂದು ಯಾರಿಗೆ ಗೊತ್ತಿತ್ತು. ಈಗ ಹೀಗೆ ಅನ್ನಬಹುದು, ನಿನ್ನ ಅಳತೆ ಸರಿ ಇತ್ತು ಹೆಲ್ಮಿ, ಚಳಿ ಜಾಸ್ತಿ ಇತ್ತು, ದೇವರಿಚ್ಛೆ — ಅಷ್ಟಕ್ಕೇ ಕಾಫಿ ಕುಡಿದು ಹೊರಡಬಹುದು, ಅವಳಿಗೂ ನಿದ್ದೆ ಬರುತ್ತದೆ, ಅಂಗಡಿಯ ನಾಲ್ಕು ಜನವೂ ಹಾಗೇ ಇರುತ್ತಾರೆ. ಅವಳು ಬಿಡುವುದಿಲ್ಲ. ಹಾಗಾದ್ರೆ ಯಾಕೆ ನಿಂತಿತು ಅನ್ನುತ್ತಾಳೆ.

ಆಚೆ ದಂಡೆ, ಹಬೆಸ್ನಾನದ ಸೌನಾ ಗುಡಿಸಲಿನ ಹೊಗೆ, ಕಟ್ಟಿಗೆಯ ರಾಶಿ, ಎಂಜಿನ್ ಆರಿಸಿದೊಡನೆ ಕಿವಿಯಲ್ಲಿ ಗುಂಯ್. ಬಾಗಿಲಲ್ಲಿ ಹೆಲ್ಮಿ, ಒನ್ನಿಯ ಸ್ವೆಟರು, ಒಂದು ವರ್ಷದಲ್ಲಿ ಹತ್ತು ವರ್ಷ ಸವೆದಿದ್ದಾಳೆ, ಕೈಯಲ್ಲಿ ಗಾಜಿನ ಅಳತೆ ಲೋಟ, ಒಳಗೆ ಕರೆಯಲಿಲ್ಲ, ಕೂರು ಅನ್ನಲಿಲ್ಲ, ಲೋಟ ಎತ್ತಿ ಹೆಬ್ಬೆರಳಿನ ಉಗುರನ್ನು ಒಂದು ಕೆಂಪು ಗೆರೆಯ ಮೇಲಿಟ್ಟಳು — ಇಲ್ಲೀ ತನಕ ಹಾಕಿದ್ದೆ. ಐದು ಲೀಟರ್ ಡಬ್ಬಕ್ಕೆ. ನೋಡ್ಹೇಳು. ಗೆರೆ ಸರಿಯಾಗಿದೆ, ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ತೈಸ್ತೊ ಮುಸುಕು ಇಳಿಸಿ ಬಾಯಿ ತೆರೆಯಲು ಹೋದ, ಮಾತು ತೊದಲಿತು, ನಾಲಿಗೆಗೆ ಏನೋ ಅಡ್ಡ. ಬಾಯಲ್ಲೇನಿಟ್ಕೊಂಡಿದೀಯ, ಅಂದಳು ಹೆಲ್ಮಿ, ತೆಗೆದು ಮಾತಾಡು. ದವಡೆಯ ಮೂಲೆಯಲ್ಲಿ ಆ ಚಿಕ್ಕ ಜೆಟ್, ಹೋದ ವರ್ಷ ಒಳಗಿದ್ದದ್ದು, ಶೆಡ್ಡಿನಿಂದ ಆರು ಮೈಲಿ, ಮತ್ತೆ ಮರೆತಿದ್ದಾನೆ, ಇವತ್ತೂ ಮರೆತಿದ್ದಾನೆ — ಉಗುಳಲೂಬಹುದು, ಹಿಮದಲ್ಲಿ ಬಿದ್ದರೆ ಏಪ್ರಿಲ್ ತನಕ ಸಿಗುವುದಿಲ್ಲ, ನುಂಗಲೂಬಹುದು, ಕಡಲೆಕಾಳಿನಷ್ಟು. ಅವಳು ಲೋಟವನ್ನು ಇನ್ನೂ ಹಿಡಿದೇ ಇದ್ದಾಳೆ. ಲೋಟದ ಮೇಲೆ ಬಗ್ಗಿ ಬಾಯಿ ತೆರೆದ. ಗಾಜಿನ ತಳಕ್ಕೆ ಟಿಣ್ ಎಂದು ಬಿತ್ತು, ಕೆಂಪು ಗೆರೆಯಿಂದ ಎಷ್ಟೋ ಕೆಳಗೆ, ಉಗುಳಿನಲ್ಲಿ ಒದ್ದೆ, ಒಂದು ಸುತ್ತು ಉರುಳಿತು, ಇನ್ನೊಂದು ಸುತ್ತು, ನಿಂತಿತು, ತೂತು ಮೇಲೆ ಮಾಡಿಕೊಂಡು, ಹಿತ್ತಾಳೆ, ನಡುವೆ ತೂತು, ಅವಳು ಬಗ್ಗಿ ನೋಡುತ್ತಿದ್ದಾಳೆ, ಹಿತ್ತಾಳೆ, ನಡುವೆ ತೂತು.