ಊಟದ ಖಾನೆ

"ನಾಲ್ಕು ದಿನದಲ್ಲಿ ಊಟಕ್ಕೆ ಎಷ್ಟು ಖರ್ಚು ಮಾಡಿದಿರಿ?" ಅಕೀಲ ಟ್ಯಾಬ್ ನೋಡುತ್ತ ಇಂಗ್ಲಿಷಿನಲ್ಲಿ ಎರಡನೇ ಸಲ ಕೇಳಿದ.

"ಏನೂ ಇಲ್ಲ," ಎಂದ ವಿದೇಶಿ ಮುದುಕ.

ಸಾಂತಾಕ್ರೂಜ್‌ನ ಆ ಹೋಟೆಲಿನಿಂದ ವಿಮಾನಕ್ಕೆ ಹೊರಟ ವಿದೇಶಿಯರು ಮುಂಬೈಯಲ್ಲಿ ಎಷ್ಟು ಖರ್ಚು ಮಾಡಿದರೆಂದು ಬರೆದುಕೊಳ್ಳುವುದು ಅಕೀಲನ ಕೆಲಸ. ಹೋದ ವರ್ಷಕ್ಕಿಂತ ಮಂದಿ ಹೆಚ್ಚು ಬಂದರೋ, ಕೈ ಬಿಗಿಹಿಡಿದರೋ, ಎಲ್ಲ ಲೆಕ್ಕ ಈ ಟ್ಯಾಬಿನಿಂದ ಮೇಲೆ ಹೋಗುತ್ತಿತ್ತು. ಹತ್ತನೇ ತರಗತಿ ಫೇಲಾದವನಿಗೆ ಏಸಿಯಲ್ಲಿ ಕೂರುವ ಇಂಥ ನೌಕರಿ ಇನ್ನೆಲ್ಲಿ? ಟ್ರಯಲ್ ತಿಂಗಳ ಕೊನೇ ದಿನ. ಆರರೊಳಗೆ ಮೂವತ್ತು ಫಾರ್ಮ್ ತುಂಬಿದರೆ ಪರ್ಮನೆಂಟ್. ಇದು ಮೂವತ್ತನೆಯದು. ಆರಕ್ಕೆ ಹತ್ತೇ ನಿಮಿಷ.

"ಬಂದ ದಿನವೇ ಹೊಟ್ಟೆ ಕೆಟ್ಟಿತು. ಕರೆತಂದ ಟ್ಯಾಕ್ಸಿಯವನೇ ದಿನಾ ಮನೆಯಿಂದ ಗಂಜಿ ತಂದ. ದುಡ್ಡು ಕೊಡಹೋದರೆ ಎದೆ ಮೇಲೆ ಕೈಯಿಟ್ಟು ತಲೆಯಾಡಿಸಿದ." ಮುದುಕ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದ. "ಅವನು ಬಂದರೆ ಇದನ್ನು ಕೊಡುತ್ತೀಯಾ?"

ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು: ನೂರಜಹಾನ. ಅಕೀಲನ ಅಮ್ಮಿಯ ಹೆಸರು. ಅವಳ ಮದುವೆಗೆ ವಿಜಯಪುರದಲ್ಲಿ ಕೊಂಡ ಡಬ್ಬಿ.

"ಮಧ್ಯಾಹ್ನ ಗಾಡಿ ನಿಲ್ಲಿಸಿ ಎಲ್ಲಿ ತಿರಗತಿ? ಮನಿ ನಾ ಒಬ್ಬನೇ ನಡಸಬೇಕೇನು?" ಎಂದು ಅಕೀಲ ಬೆಳಿಗ್ಗೆಯಷ್ಟೇ ಅಬ್ಬಾನ ಮೇಲೆ ಹರಿಹಾಯ್ದಿದ್ದ. ಅಬ್ಬಾ ಕರೀಮಸಾಬ ತನ್ನ ಟ್ಯಾಕ್ಸಿಯ ಗಾಜು ಒರೆಸುತ್ತಲೇ ಇದ್ದ.

ಮುದುಕ ಹೊರಟುಹೋದ. ಅಕೀಲ ಸೊನ್ನೆ ಒತ್ತಿದ. ಪರದೆಯ ಮೇಲೆ ಊಟದ ಖಾನೆ ಕೆಂಪಾಯಿತು.

ಧಾರವಾಡದ ಸುಭಾಷ, ಅವನ ಸೂಪರ್‌ವೈಸರ್, ಹಿಂದಿನಿಂದ ಬಗ್ಗಿ ನೋಡಿದ. "ಏನಲೇ, ನಾಕು ದಿನಾ ಗಾಳಿ ಕುಡದು ಇದ್ನೇನು ಅಂವಾ? ಸೊನ್ನಿ ತಗೊಳ್ಳಂಗಿಲ್ಲ ಇದು. ಎರಡು ಸಾವಿರ ಒತ್ತು."

"ಉಂಡಾನ್ರೀ ಸರ್. ರೊಕ್ಕ ಕೊಟ್ಟಿಲ್ಲ."

"ಅದಕ್ಕ ಖಾನೆ ಇಲ್ಲೋ ಮಾರಾಯಾ! ಒತ್ತು, ಪರ್ಮನೆಂಟ್ ಆಗು, ನನಗ ಪೇಡೆ ತಿನ್ನಸು."

ಅಕೀಲನ ಬೆರಳು ಎರಡರ ಮೇಲೆ ಬಂದು ನಿಂತಿತು.

"ಅಬ್ಬಾ ತಗೊಂಡಿಲ್ರೀ," ಎಂದ.

"ಯಾರ ಅಬ್ಬಾ?"

ಅಕೀಲ ಮತ್ತೆ ಸೊನ್ನೆ ಒತ್ತಿದ. ಮತ್ತೆ ಕೆಂಪು. ಆರಕ್ಕೆ ಫಾರ್ಮ್ ತಾನಾಗಿ ಮುಚ್ಚಿಕೊಂಡಿತು; ಲೆಕ್ಕ ಇಪ್ಪತ್ತೊಂಬತ್ತಕ್ಕೇ ನಿಂತಿತು. ಸುಭಾಷ ಟ್ಯಾಬ್ ಕಸಿದುಕೊಂಡು, "ಹುಚ್ಚಸೂಳೆಮಗ," ಎಂದು ಗೊಣಗುತ್ತ ಹೋದ.

ಅಕೀಲ ಮುಚ್ಚಳ ತೆಗೆದ. ಡಬ್ಬಿ ಚೊಕ್ಕಟವಾಗಿ ತೊಳೆದಿತ್ತು, ಖಾಲಿ. ಅಮ್ಮಿ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸ್ ಕಳಿಸಿದವಳಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುವಳು.

ಲಾಬಿಯ ಕಾಫಿ ಮೇಜಿನಿಂದ ಅಕೀಲ ಎರಡು ಸಕ್ಕರೆ ಪೊಟ್ಟಣ ಎತ್ತಿ, ಹರಿದು ಡಬ್ಬಿಗೆ ಸುರಿದ. ಮುಚ್ಚಳ ಒತ್ತಿದ. ಮೆಟ್ಟಿಲಿಳಿದು ವಾಕೋಲಾದ ಮನೆಯ ಕಡೆ ನಡೆಯುವಾಗ, ಹೆಜ್ಜೆಹೆಜ್ಜೆಗೂ ಒಳಗೆ ಸಕ್ಕರೆ ಸರಸರ ಎನ್ನುತ್ತಿತ್ತು.