ಕಾಲರಿನ ಕೆಂಪು ನೂಲು

ಕಾಲರಿನ ಮಡಿಕೆ ಬಿಡಿಸಿ ಇಸ್ತ್ರಿಪೆಟ್ಟಿಗೆ ಒತ್ತಬೇಕು ಅನ್ನುವಾಗ ಬೆರಳಿಗೆ ನೂಲಿನ ಗಂಟು ತಾಗಿತು, ನಾನು ಗಂಟು ಎದ್ದುಕಾಣುವ ಹಾಗೆ ಹೊಲಿಯುವವಳಲ್ಲ, ಕನ್ನಡಕ ಸರಿಮಾಡಿಕೊಂಡು ನೋಡಿದರೆ ನೀಲಿ ನೂಲಿನಲ್ಲಿ ನಾನು ಹಾಕಿದ್ದ ಗುಬ್ಬಿ ಅನ್ನುವ ಹೆಸರು ಬಿಚ್ಚಿಹೋಗಿದೆ, ಸೂಜಿಯ ತೂತುಗಳಷ್ಟೇ ಉಳಿದಿವೆ, ಅದರ ಕೆಳಗೆ ಕೆಂಪು ನೂಲಿನಲ್ಲಿ ಚಿನ್ನಿ — ಯಾರ ಮನೆಯ ಅಂಗಿಯಪ್ಪ ಇದು, ಬದಲಾಯಿತೇನೋ, ಇಲ್ಲ, ತೋಳಿನ ತೇಪೆ ನನ್ನದೇ, ಅಂಗಿ ಮೊಮ್ಮಗಳದೇ, ಏನೇ ಇದು ಅಂದರೆ ಕಾಲುಚೀಲ ಎಳೆದುಕೊಳ್ಳುತ್ತಾ ತಲೆಯೆತ್ತದೆ ಹೇಳುತ್ತಾಳೆ, ಅಕ್ಕ ಹೊಲಿದ್ರು ಅಜ್ಜಿ, ಅಕ್ಕ ನನ್ನನ್ನ ಚಿನ್ನಿ ಅಂತಲೇ ಕರೆಯೋದು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ವಾರಕ್ಕೊಮ್ಮೆ ಶಾಲೆಗೆ ಬರುವ ಕಾಲೇಜು ಹುಡುಗಿ, ಓದು ಹತ್ತದ ಮಕ್ಕಳಿಗೆ ಒಬ್ಬೊಬ್ಬರನ್ನು ಗೊತ್ತುಮಾಡಿದ್ದಾರೆ, ಸಂಬಳವಿಲ್ಲ, ಪುಸ್ತಕದ ಕೋಣೆಯಲ್ಲಿ ಎದುರುಬದುರು ಕೂತು ಓದಿಸುವುದು, ಕಷ್ಟಸುಖ ಕೇಳುವುದು, ಒಳ್ಳೆಯದೇ, ನನಗೂ ಅಂಥವಳೊಬ್ಬಳು ಸಿಕ್ಕಿದ್ದರೆ ತಲೆ ನರೆತ ಮೇಲೆ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂರುವುದು ತಪ್ಪುತ್ತಿತ್ತು, ನಿಮ್ಮ ಕ ಯಾಕಜ್ಜಿ ಸೊಂಟ ಹಿಡಿದುಕೊಂಡು ನಿಂತಿದೆ ಅಂತ ಮೇಷ್ಟ್ರು ನಗುತ್ತಿದ್ದರು, ನಗಲಿ ಬಿಡಿ, ಆ ಸೊಂಟನೋವಿನ ಅಕ್ಷರದಲ್ಲೇ ಹೆಡ್‌ಮಿಸ್ಸಿಗೆ ಕಾಗದ ಬರೆದಿಟ್ಟಿದ್ದೇನೆ, ಈ ಅಕ್ಕನನ್ನು ಬದಲಾಯಿಸಿ ಅಂತ, ಬರೆದು ಎಷ್ಟೋ ದಿನವಾಯಿತು, ಸೀರೆಗಳ ನಡುವೆಯೇ ಇದೆ. ಮೊದಲು ಇವಳ ಬೈತಲೆ ಬಲಕ್ಕೆ ಸರಿಯಿತು, ಆಮೇಲೆ ಬಣ್ಣ ಹೋದ ಹಳೆಯ ಕ್ಲಿಪ್ಪು ಬಂತು, ಯಾರದೇ ಅಂದರೆ ನಂದೇ ಅಂದಳು, ಆಮೇಲೆ ಎಡಗೈಯಲ್ಲಿ ಬರೆಯತೊಡಗಿದಳು, ಹೇಳಿದರೆ ಮಗಳು ಆಸ್ಪತ್ರೆಯ ಬಟ್ಟೆ ಒಗೆದು ದಣಿದು ಬಂದವಳು ಕಣ್ಣು ಮುಚ್ಚಿಕೊಂಡೇ, ಅಮ್ಮಾ, ಒಂದಕ್ಷರ ಬಾಯಿಬಿಡದವಳು ಈಗ ಅಂಗಡಿ ಬೋರ್ಡು ಒಂದೂ ಬಿಡದೆ ಓದ್ತಾಳೆ, ನಿನ್ನ ಅನುಮಾನ ಒಲೆಗೆ ಹಾಕು, ಅನ್ನುತ್ತಾಳೆ, ನಿಜವೇ, ಓದುತ್ತಾಳೆ, ಅದಕ್ಕೇ ಕಾಗದ ಸೀರೆಯೊಳಗೇ ಉಳಿಯಿತು, ಆ ಹುಡುಗಿ ಹೋದರೆ ಓದೂ ಅವಳ ಹಿಂದೆಯೇ ಹೋದೀತು. ಚಿನ್ನಿ ಅಂದ್ರೆ ಯಾರೇ, ಅಕ್ಕನ ತಂಗಿ ಅಜ್ಜಿ, ಕೆರೇಲಿ ಮುಳುಗಿ ಹೋದ್ಲು, ಎಷ್ಟು ಹಗುರವಾಗಿ ಹೇಳುತ್ತಾಳೆ, ಬೂಟಿನ ದಾರ ಕಟ್ಟುತ್ತಾ, ಈಗ ನಾನು — ಈಗ ನೀನು ಏನೇ, ಈಗ ನಾನು ಚಿನ್ನಿ, ನಾಳೆ ಅಕ್ಕ ಕೆರೆ ತೋರಿಸ್ತಾರೆ, ಅಮ್ಮ ಹೂಂ ಅಂದಿದಾಳೆ. ಸುಟ್ಟ ವಾಸನೆ, ಪೆಟ್ಟಿಗೆ ಬಟ್ಟೆಯ ಮೇಲೇ ಇತ್ತು, ಕಾಲರಿನ ಅಂಚು ಕಂದಿಹೋಯಿತು, ಕೆಂಪು ನೂಲಿಗೆ ಏನೂ ಆಗಿಲ್ಲ, ಬೇರೆ ಅಂಗಿ ಹಾಕಿಸಿದೆ, ಸೀರೆಗಳನ್ನು ಕೆದಕಿ ಕಾಗದ ತೆಗೆದೆ, ನಾಳೆ ಕೆರೆಗೆ ಕಳಿಸಬೇಡಿ ಅಂತ ಕೊನೆಗೆ ಇನ್ನೊಂದು ಸಾಲು, ಅವಸರಕ್ಕೆ ಸೊಂಟ ಹಿಡಿದ ಕ ನೆಲಕ್ಕೇ ಬಿತ್ತು, ಆದರೂ ಓದಬಹುದು. ರಸ್ತೆಯುದ್ದಕ್ಕೂ ಅವಳು ಬೋರ್ಡು ಓದುತ್ತಾ ಬಂದಳು, ಟೈರು, ಔಷಧಿ, ಬೀಗ, ನನ್ನ ಕೈಯೊಳಗೆ ಅವಳ ಕೈ ತಣ್ಣಗಿತ್ತು, ಗೇಟಿನಲ್ಲಿ ಜವಾನನಿಗೆ ಕಾಗದ ಕೊಟ್ಟು, ಹೆಡ್‌ಮಿಸ್ ಕೈಗೇ ಕೊಡಪ್ಪ, ಈಗಲೇ, ಅಂದೆ, ಆಯ್ತಜ್ಜಿ ಅಂತ ಅವನು ಮೆಟ್ಟಿಲು ಹತ್ತಿದ, ಹೋಯಿತು, ಕೊನೆಗೂ ಹೋಯಿತು, ಎದೆ ಹಗುರಾಗಬೇಕಲ್ಲ, ಗುಬ್ಬೀ ಅಂತ ಕರೆದೆ, ಮೈದಾನ ದಾಟುತ್ತಿದ್ದಳು, ತಿರುಗಲಿಲ್ಲ, ಗದ್ದಲ, ಕೇಳಿಸಿರಲಿಕ್ಕಿಲ್ಲ, ಗುಬ್ಬೀ, ಇಲ್ಲ, ಆಗ ಜಗಲಿಯ ಕಂಬದ ಮರೆಯಿಂದ ಮೆಲ್ಲಗೆ, ಚಿನ್ನಿ — ಇವತ್ತು ಆ ಅಕ್ಕ ಬರುವ ದಿನವೇ ಅಲ್ಲ — ಅಷ್ಟು ಗದ್ದಲದಲ್ಲೂ ಕತ್ತು ತಿರುಗಿತು, ಆ ಸಣ್ಣ ಕತ್ತು, ತಿರುಗಿತು, ಕತ್ತು