ಹನ್ನೊಂದು ಕಡೆ ಕೀಂ

ಸುಣ್ಣದ ನೀರಲ್ಲಿ ನೆನೆದ ತೊಗಲಿನ ವಾಸನೆ. ಅಪ್ಪ ಚರ್ಮ ಹದಮಾಡುವ ಕಾರ್ಖಾನೆಯಿಂದ ಬಂದು ಅಂಗಿ ಬಿಚ್ಚಿದರೆ ಅದು ಮನೆಯ ಮೂರನೆಯ ಮಗುವಿನ ಹಾಗೆ ಒಳಗೆಲ್ಲ ಓಡಾಡುತ್ತಿತ್ತು. ಶಾಲೆಯ ದಾರಿಯಲ್ಲಿ ಹುಡುಗರು "ಗಬ್ಬುತೊಗಲು!" ಎಂದು ಕೂಗುವರು. ಅಕ್ಕ ತಂಗಿಯನ್ನು ಬೆನ್ನ ಮೇಲೆ ಹೊತ್ತು ತಲೆ ತಗ್ಗಿಸಿ ನಡೆಯುವಳು. ಬೈಸಿಕೊಂಡದ್ದು ಅಕ್ಕ, ತಂಗಿಗೆ ಬೆನ್ನ ಮೇಲೆ ಸೊಂಪಾದ ನಿದ್ದೆ.

ಈಗ ಊರಿಗೆ ಊರೇ ಆ ಮಾತನ್ನು ಹಾಡುತ್ತಿತ್ತು. ಹಾಡುಗಾರ್ತಿಯಾಗಿ ಬೆಳೆದ ತಂಗಿಯ ಹೊಸ ಹಾಡಿನ ಪಲ್ಲವಿಯೇ "ನಾನು ಗಬ್ಬುತೊಗಲು". ಹುಡುಗಿಯರು ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಕುಣಿಯುತ್ತಿದ್ದರು. ಅಕ್ಕನ ಹೊಟ್ಟೆ ಧಗಧಗ ಉರಿಯಿತು. ಏಟು ನನಗೆ, ಚಪ್ಪಾಳೆ ಅವಳಿಗೆ!

ಅಕ್ಕನಿಗೆ ರೇಡಿಯೊ ನಿಲಯದಲ್ಲಿ ಕೆಲಸ. ಹಾಡುಗಳಲ್ಲಿ ಬರುವ ಬೈಗುಳದ ಮೇಲೆ "ಕೀಂ" ಎಂಬ ಸದ್ದು ಕೂರಿಸಬೇಕು. ಅವಳು ಹಾಡು ಕೇಳುತ್ತಲೂ ಇರಲಿಲ್ಲ. ಕಂಪ್ಯೂಟರ್ ತೆರೆಯ ಮೇಲಿನ ಸದ್ದಿನ ಅಲೆಗಳ ಏರಿಳಿತ ನೋಡಿಯೇ ಮಾತು ಎಲ್ಲಿದೆ ಎಂದು ಹಿಡಿಯುತ್ತಿದ್ದಳು. ಆ ಬೈಗುಳ ಬೈಸಿಕೊಂಡ ಜನರೇ ಅದನ್ನು ಹಾಡಿದ್ದಾರೆಂದು ನಿಲಯದವರು ಯಾರಾದರೂ ಸಹಿ ಹಾಕಿದರೆ ಮಾತ್ರ ಮಾತು ಕೀಂ ಇಲ್ಲದೆ ಉಳಿಯುತ್ತಿತ್ತು.

ಬೆಳಿಗ್ಗೆ ಆ ಹಾಡು ಅವಳ ಮೇಜಿಗೇ ಬಂತು. ಮಧ್ಯಾಹ್ನ ಎರಡಕ್ಕೆ ಪ್ರಸಾರ.

"ಈ ಹುಡುಗಿ ಆ ತೊಗಲು ಹದಮಾಡುವವರ ಕೇರಿಯವಳೇ ಏನಮ್ಮಾ?" ಎಂದರು ಮೇಲಧಿಕಾರಿ.

ಕೆಲಸಕ್ಕೆ ಸೇರಿದಾಗಿನಿಂದ ಅವಳು ಅಲ್ಲಿ ತನ್ನ ಕೇರಿಯ ಸುದ್ದಿ ಎತ್ತಿರಲಿಲ್ಲ. "ನನಗೇನು ಗೊತ್ತು ಸಾರ್" ಎಂದವಳೇ ಹನ್ನೊಂದು ಕಡೆ ಕೀಂ ಕೂರಿಸಿದಳು. ಒಂದೊಂದು ಕೂರಿಸಿದಾಗಲೂ ಒಳಗೆ ಸಣ್ಣ ಖುಷಿ.

ಒಂದು ಗಂಟೆಗೆ ತಂಗಿ ಸಂದರ್ಶನಕ್ಕೆಂದು ಬಂದವಳು ಅಕ್ಕನ ಕೋಣೆಗೇ ನುಗ್ಗಿದಳು.

"ಅಕ್ಕಾ, ಹಾಡು ಕೇಳಿದ್ಯಾ?"

"ನೋಡ್ದೆ."

"ನೋಡೋಕೆ ಅದೇನು ಸೀರೆನಾ? ಮೂರನೇ ಚರಣ ಕೇಳೇ!"

ಅಕ್ಕ ಮುಖ ಗಂಟಿಕ್ಕಿಕೊಂಡೇ ಹೆಡ್‌ಫೋನ್ ಹಾಕಿದಳು. 'ನಿದ್ದೆ ಬಂದಂತೆ ಕಣ್ಣು ಮುಚ್ಚಿದ್ದೆ. ಅಕ್ಕನ ಬೆನ್ನು ನಡುಗಿದ್ದು ನನ್ನೆದೆಗೆ ತಿಳಿಯಿತು. ಅವಳು ನುಂಗಿದ ಮಾತನ್ನು ನಾನು ಕೂಗುವೆ...' ಆಮೇಲೆ, ಕೀಂ.

ಹಾಗಾದರೆ ಇವಳು ಮಲಗಿರಲಿಲ್ಲ.

ಹೊಟ್ಟೆಕಿಚ್ಚು ಆರಲಿಲ್ಲ. ಹೇಳಬೇಕಾದ್ದನ್ನು ಇಷ್ಟು ಚೆನ್ನಾಗಿ ಹೇಳಲು ತನಗೆ ಬರಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು. ಆದರೂ ಎದ್ದು ಮೇಲಧಿಕಾರಿಯ ಬಾಗಿಲಿಗೆ ಹೋದಳು.

"ಸಾರ್, ಅವಳು ಆ ಕೇರಿಯವಳೇ. ನಾನೂ ಅಲ್ಲಿಯವಳೇ. ಅವಳು ನನ್ನ ತಂಗಿ. ಸಹಿ ನಾನೇ ಹಾಕ್ತೀನಿ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಪೆನ್ನು ಮುಂದೆ ಚಾಚಿದರು.

ಅಕ್ಕ ಊಟ ಬಿಟ್ಟು ಕೂತು ಕೀಂಗಳನ್ನು ಒಂದೊಂದಾಗಿ ಕಿತ್ತಳು. ಕೊನೆಯದನ್ನು ಕೀಳುವಾಗ ಗಂಟೆ ಎರಡಾಗಲು ಐದು ನಿಮಿಷವಿತ್ತು.

"ಕೂರಿಸಿದ್ದೂ ನಾನೇ ಕಣೆ," ಎಂದಳು, ತಿರುಗದೆ.

"ಗೊತ್ತು ಬಿಡು. ಅಷ್ಟು ನೀಟಾಗಿ ಇನ್ಯಾರು ಕೂರಿಸ್ತಾರೆ?"

ಹಾಡು ಪ್ರಸಾರವಾಯಿತು. ತಂಗಿ ಕ್ಯಾಂಟೀನಿನಿಂದ ತಂದಿದ್ದ ಊಟದ ತಟ್ಟೆಯನ್ನು ಅಕ್ಕನ ಕೈಗಿತ್ತಳು. ಅಕ್ಕನಿಗಾಗದ ಮೆಣಸಿನಕಾಯಿಗಳನ್ನೆಲ್ಲ ಮೊದಲೇ ಆರಿಸಿ ತೆಗೆದಿದ್ದಳು.